ಡೀಸೆಲ್‌ಗೆ ಬೆರೆಸುವ ಮದ್ದು: ಒಂದು ಅರ್ಧಸತ್ಯದ ಚರಿತ್ರೆ

ರಜೆಯಲ್ಲಿ ಊರಿಗೆ ಹೊರಟವರು ಹೆದ್ದಾರಿಯ ಬಂಕಿನಲ್ಲಿ ಡೀಸೆಲ್ ಹಾಕಿಸುವಾಗ ಪುಟ್ಟ ಶೀಶೆಯೊಂದನ್ನು ಮುಂದೆ ಹಿಡಿಯುವುದು ಹೊಸತೇನಲ್ಲ. ಇದನ್ನು ಟ್ಯಾಂಕಿಗೆ ಸುರಿದರೆ ಇಂಜೆಕ್ಟರ್ ಶುಚಿಯಾಗುತ್ತದೆ, ಮೈಲೇಜ್ ಏರುತ್ತದೆ, ಹೊಗೆ ಇಳಿಯುತ್ತದೆ ಎಂಬುದು ಮಾರುವವನ ಮಾತು. ಇದೆಲ್ಲ ಮೋಸವೆಂದು ತಳ್ಳಿಹಾಕುವವರಿದ್ದಾರೆ. ಇದಿಲ್ಲದೆ ಗಾಡಿಯನ್ನೇ ತೆಗೆಯದವರೂ ಇದ್ದಾರೆ. ಕಳೆದ ಐವತ್ತು ವರ್ಷಗಳ ಚರಿತ್ರೆಯನ್ನು ಕಂಡರೆ ಇಬ್ಬರ ಮಾತಿನಲ್ಲೂ ಸತ್ಯದ ಒಂದೊಂದು ತುಣುಕು ಸಿಗುತ್ತದೆ.

ಮೊದಲು ಪೆಟ್ರೋಲಿನ ಕಥೆ. 1970ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾ ಕಂಪನಿಯು ‘ಎಫ್-310’ ಎಂಬ ಮಾರ್ಜಕವನ್ನು ಬೆರೆಸಿದ ಶೆವ್ರಾನ್ ಪೆಟ್ರೋಲನ್ನು ಮಾರುಕಟ್ಟೆಗೆ ತಂದಿತು. ಟೆಲಿವಿಷನ್ ಜಾಹೀರಾತಿನಲ್ಲಿ ಕಾರಿನ ಹೊಗೆಕೊಳವೆಗೆ ಪಾರದರ್ಶಕ ಬಲೂನೊಂದನ್ನು ಕಟ್ಟಿದ್ದರು. ಮೊದಲು ಬಲೂನಿನ ತುಂಬ ಕಪ್ಪು ಹೊಗೆ. ಆರು ಟ್ಯಾಂಕ್ ಇಂಧನದ ನಂತರ ಬಲೂನು ತಿಳಿ. ಗಗನಯಾತ್ರಿ ಸ್ಕಾಟ್ ಕಾರ್ಪೆಂಟರ್ ಅದರ ಪರವಾಗಿ ಮಾತನಾಡಿದರು. ಮಾರ್ಜಕವು ನಿಜಕ್ಕೂ ಕಿಟ್ಟವನ್ನು ಕರಗಿಸುತ್ತಿತ್ತು. ಆದರೆ ಪ್ರದರ್ಶನಕ್ಕೆ ಆರಿಸಿದ್ದು ವಿಪರೀತ ಮಲಿನಗೊಂಡ ಎಂಜಿನ್. ಅಲ್ಲದೆ ಇಂಗಾಲದ ಮಾನಾಕ್ಸೈಡಿನಂಥ ವಿಷಾನಿಲ ಕಣ್ಣಿಗೆ ಕಾಣುವಂಥದ್ದಲ್ಲ. ತಿಳಿಯಾದ ಬಲೂನಿನಲ್ಲೂ ಅದು ಇದ್ದೇ ಇತ್ತು. ಫೆಡರಲ್ ಟ್ರೇಡ್ ಕಮಿಷನ್ ಈ ಜಾಹೀರಾತನ್ನು ವಂಚನೆಯೆಂದು ಪರಿಗಣಿಸಿತು. 1978ರಲ್ಲಿ ಮೇಲ್ಮನವಿ ನ್ಯಾಯಾಲಯವು ಆದೇಶದ ವ್ಯಾಪ್ತಿಯನ್ನು ಕುಗ್ಗಿಸಿದರೂ ಆ ತೀರ್ಮಾನವನ್ನು ಎತ್ತಿಹಿಡಿಯಿತು. ವಸ್ತು ನಿಜ, ಅದರ ಬಗ್ಗೆ ಹೇಳಿದ ಕಥೆ ಸುಳ್ಳು.

ಡೀಸೆಲ್‌ನ ಕಥೆ ಇದಕ್ಕೆ ತಿರುವುಮುರುವಾದದ್ದು. 1991ರಲ್ಲಿ ಸ್ವೀಡನ್ ದೇಶವು ಗಾಳಿಯನ್ನು ಶುದ್ಧವಾಗಿಡುವ ಸದುದ್ದೇಶದಿಂದ, ಗಂಧಕ ಅತ್ಯಲ್ಪವಿರುವ ಡೀಸೆಲ್‌ಗೆ ತೆರಿಗೆಯಲ್ಲಿ ರಿಯಾಯಿತಿ ನೀಡಿತು. ಅತಿ ಶುದ್ಧ ದರ್ಜೆಯಲ್ಲಿ ಗಂಧಕದ ಮಿತಿ ಹತ್ತು ಲಕ್ಷ ಭಾಗಕ್ಕೆ 10 ಭಾಗ. ಅನತಿಕಾಲದಲ್ಲೇ ವಾಹನಗಳ ಇಂಧನ ಪಂಪುಗಳು ಸವೆದು ಕೆಡತೊಡಗಿದವು. ರೋಟರಿ ಪಂಪಿನ ಒಳಭಾಗಗಳಿಗೆ ಬೇರೆ ಕೀಲೆಣ್ಣೆಯಿಲ್ಲ. ಹರಿಯುವ ಡೀಸೆಲ್ಲೇ ಅವಕ್ಕೆ ಜಿಡ್ಡು. ಗಂಧಕವನ್ನು ತೆಗೆಯಲು ಹೈಡ್ರೋಜನ್ನಿನೊಡನೆ ನಡೆಸುವ ತೀವ್ರ ಸಂಸ್ಕರಣೆಯು, ಲೋಹಕ್ಕೆ ಅಂಟಿಕೊಂಡು ಸವೆತವನ್ನು ತಡೆಯುತ್ತಿದ್ದ ಸಂಯುಕ್ತಗಳನ್ನೂ ನಾಶಮಾಡಿತ್ತು. ಕೊಬ್ಬಿನ ಆಮ್ಲಗಳನ್ನೋ ಅವುಗಳ ಎಸ್ಟರುಗಳನ್ನೋ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದ ಮೇಲೆ ಪರಿಹಾರ ದೊರೆಯಿತು. ಡೀಸೆಲ್‌ನಲ್ಲಿ ಮುಳುಗಿಸಿದ ಉಕ್ಕಿನ ಗುಂಡನ್ನು ಉಕ್ಕಿನ ಬಿಲ್ಲೆಯ ಮೇಲೆ 75 ನಿಮಿಷ ಉಜ್ಜಿ, ಸವೆತದ ಗುರುತನ್ನು ಅಳೆಯುವ ಪರೀಕ್ಷೆಯೂ ರೂಢಿಗೆ ಬಂದಿತು. ಗುರುತು 460 ಮೈಕ್ರಾನ್ ಮೀರಬಾರದೆಂಬ ನಿಯಮ ಯುರೋಪಿನಲ್ಲೂ ಭಾರತದಲ್ಲೂ ಇದೆ. ಇಲ್ಲಿ ಸೇರ್ಪಡೆ ಕೆಲಸ ಮಾಡಿದ್ದರಲ್ಲಿ ಅನುಮಾನವಿಲ್ಲ. ಆದರೆ ಅದರ ಜಾಹೀರಾತನ್ನು ನಾವಾರೂ ನೋಡಲಿಲ್ಲ.

ಇಂಜೆಕ್ಟರ್ ಶುಚಿಗೊಳಿಸುವ ಮಾರ್ಜಕಗಳಿಗೂ ಯುರೋಪಿನಲ್ಲಿ ಒಂದು ಅಳತೆಗೋಲಿದೆ. ಪ್ಯೂಜೋ ಕಂಪನಿಯ ‘ಡಿಡಬ್ಲ್ಯು10’ ಎಂಜಿನ್ನಿನಲ್ಲಿ ನಡೆಸುವ ಈ ಪರೀಕ್ಷೆಯಲ್ಲಿ, ಕಿಟ್ಟ ಬೇಗ ಕಟ್ಟಲೆಂದು ಇಂಧನಕ್ಕೆ ಹತ್ತು ಲಕ್ಷ ಭಾಗಕ್ಕೆ ಒಂದು ಭಾಗದಷ್ಟು ಸತುವನ್ನು ಬೇಕೆಂದೇ ಬೆರೆಸುತ್ತಾರೆ. ಎಂಜಿನ್ನಿನ ಶಕ್ತಿ ಎಷ್ಟು ಕುಗ್ಗಿತು, ಮಾರ್ಜಕ ಸೇರಿದ ಮೇಲೆ ಎಷ್ಟು ಮರಳಿತು ಎಂಬುದು ಲೆಕ್ಕ. ಬಲೂನಿನ ಜಾಹೀರಾತಿನಲ್ಲೂ ಮಲಿನವಾದ ಎಂಜಿನ್ನೇ ಇತ್ತಲ್ಲವೇ ಎಂದು ಕೇಳಬಹುದು. ಹೌದು. ಆದರೆ ಪ್ರಯೋಗಶಾಲೆಯು ತಾನು ಮಾಡಿದ ಮಲಿನತೆಯ ಪ್ರಮಾಣವನ್ನು ಬರೆದಿಟ್ಟು, ಫಲವನ್ನು ಆ ಎಂಜಿನ್ನಿಗೆ ಮಾತ್ರ ಸೀಮಿತಗೊಳಿಸುತ್ತದೆ. ಜಾಹೀರಾತು ಒಂದು ಬಲೂನನ್ನು ಇಡೀ ಆಕಾಶವಾಗಿ ಹಿಗ್ಗಿಸಿತು.

ಭಾರತದಲ್ಲಿ ಏಪ್ರಿಲ್ 2020ರಿಂದ ಭಾರತ್ ಸ್ಟೇಜ್-6 ಡೀಸೆಲ್ ದೇಶವ್ಯಾಪಿಯಾಗಿದೆ. ಅದರಲ್ಲೂ ಗಂಧಕದ ಮಿತಿ 10 ಭಾಗವೇ. ಅಂದರೆ ಸ್ವೀಡನ್ ಕಲಿತ ಪಾಠ ನಮ್ಮ ಬಂಕಿನ ಡೀಸೆಲ್‌ನ ಮಾನದಂಡದೊಳಗೆ ಆಗಲೇ ಸೇರಿದೆ. ಜಿಡ್ಡಿನ ಕೊರತೆಗೆಂದು ನಾವು ಮತ್ತೆ ಹಣ ತೆರಬೇಕಾಗಿಲ್ಲ. ಕಿಟ್ಟ ಕಟ್ಟಿದ ಇಂಜೆಕ್ಟರಿಗೆ ಒಳ್ಳೆಯ ಮಾರ್ಜಕ ನೆರವಾದೀತು. ಸವೆದ ಸೂಜಿಯನ್ನಾಗಲಿ ಕೆಟ್ಟ ಸ್ಪ್ರಿಂಗನ್ನಾಗಲಿ ಯಾವ ದ್ರವವೂ ಸರಿಪಡಿಸದು. ಸುಸ್ಥಿತಿಯಲ್ಲಿರುವ ಎಂಜಿನ್ನಿಗೆ ವಾಸಿಮಾಡಲು ರೋಗವೇ ಇಲ್ಲ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಶೀಶೆಯ ವ್ಯಾಪಾರಕ್ಕೆ ಚೆನ್ನಾಗಿ ಒಪ್ಪುತ್ತದೆ. ಹಳೆಯ ಗಾಡಿ ಮತ್ತೆ ಹೊಸದಾಗಲಿ ಎಂಬ ನಮ್ಮ ಆಸೆಯನ್ನೇ ಅವರು ಶೀಶೆಗೆ ತುಂಬಿ ಕೊಡುತ್ತಾರೆ. ಮುಂದಿನ ಸಲ ಯಾರಾದರೂ ಅದನ್ನು ಮುಂದೆ ಹಿಡಿದಾಗ ಎರಡು ಪ್ರಶ್ನೆ ಕೇಳಬಹುದು: ನನ್ನ ಎಂಜಿನ್ನಿಗೆ ಯಾವ ದೋಷವಿದೆ? ಈ ಮದ್ದನ್ನು ಯಾವ ಎಂಜಿನ್ನಿನಲ್ಲಿ, ಯಾವುದಕ್ಕೆ ಹೋಲಿಸಿ ಪರೀಕ್ಷಿಸಿದ್ದೀರಿ? ಉತ್ತರ ಬಂದರೆ ಕೊಳ್ಳೋಣ. ಬಾರದಿದ್ದರೆ ಆ ದುಡ್ಡಿಗೆ ದಾರಿಯಲ್ಲಿ ಒಳ್ಳೆಯ ಕಾಫಿ ಸಿಕ್ಕೀತು.