ಊರ ಕಾವಲಿಗೆ ಜವಾಬು ಕೊಡಾವ್ರು ಯಾರು? ತಳವಾರನಿಂದ ಬೀಟ್ ಪೊಲೀಸರ ತನಕ

ಈ ಸಲ ದ್ರಾಕ್ಷಿ ರೋಗದ ಬಗ್ಗೆ ಅಲ್ಲ, ತೊಗರಿ ರೇಟಿನ ಬಗ್ಗೇನೂ ಅಲ್ಲ, ಕಾವಲಿನ ಬಗ್ಗೆ ಬರೀತೀನಿ. ಉದ್ದ ಆಗತದ, ಪುರಸೊತ್ತು ಮಾಡಿಕೊಂಡು ಓದ್ರಿ.

ಹೋದ ವರ್ಷ ಶಿವರಾತ್ರಿ ಹತ್ತರ ಬಂದಾಗ ನಮ್ಮ ಬಾವಿ ಮೋಟರಿನ ಕೇಬಲ್ ಕೊಯ್ದುಕೊಂಡು ಹೋದರು. ಒಂದೇ ರಾತ್ರಿ ನಮ್ಮ ಲೈನಿನಾಗ ಮೂರು ಬಾವಿ. ಒಳಗ ತಾಮ್ರ ಇರತದ, ಮ್ಯಾಲಿನ ರಬ್ಬರ್ ಸುಟ್ಟರ ಮುಗೀತು, ಯಾರದು ಅಂತ ಗುರುತು ಉಳಿಯಂಗಿಲ್ಲ. ಪಡಕ್ಕ ನೀರು ಬೇಕಾದ ಹೊತ್ತಿನಾಗ ಹೊಸ ಕೇಬಲ್ ಉದ್ರಿ ತಂದು ಹಾಕಿದೆ. ಸ್ಟೇಶನ್ನಿಗೆ ಹೋಗಲಿಲ್ಲ. "ಕೇಬಲ್ಲಿಗೆಲ್ಲ ಯಾರು ಅಲೆದಾಡತಾರ" ಅಂದೆ. ಉಳಿದ ಇಬ್ಬರೂ ಹಂಗ ಅಂದರು.

ಹುಡುಗರು ಸುಮ್ಮನಿರಲಿಲ್ಲ. ವಾಟ್ಸಾಪ್ ಗುಂಪು ಮಾಡಿ, ಬಡಿಗಿ ಹಿಡಿದು ರಾತ್ರಿ ತಿರಗಾಕ ಹತ್ತಿದರು. ನಾನೂ ಹೋದೆ, ಬ್ಯಾಟರಿ ನನ್ನ ಕೈಯಾಗಿತ್ತು. ಮೂರನೇ ರಾತ್ರಿ ಹಳ್ಳದ ದಾರ್ಯಾಗ ಕಂಬಳಿ ಹೊದ್ದ ಒಬ್ಬಾಂವ ಕಂಡ. "ಯಾರಲೇ" ಅಂದಕೂಡಲೇ ಹೆದರಿ ಓಡಿದ. ಓಡಿದಾಂವ ಕಳ್ಳನ ಇರಬೇಕು ಅಂತ ಬೆನ್ನು ಹತ್ತಿ ಹಿಡಿದು ಬಡಿದರು. ಕೆಳಗ ಬಿದ್ದಾವನ ಮುಖಕ್ಕ ಬ್ಯಾಟರಿ ಬಿಟ್ಟಾಗ ಗೊತ್ತಾತು, ಬಾಜು ಹೊಲದವರು ಗೊಬ್ಬರಕ್ಕಂತ ಕುರಿ ನಿಲ್ಲಿಸಿಕೊಂಡಿದ್ದರಲ್ಲ, ಆ ಹಟ್ಟಿಯವ. ತಪ್ಪಿಸಿಕೊಂಡ ಮರಿ ಹುಡುಕಾಕ ಬಂದಿದ್ದ. ವಯಸ್ಸು ನನ್ನಷ್ಟೇ. ಹುಬ್ಬಿನ ಮ್ಯಾಲ ಒಡೆದು ರಕ್ತ ಸುರೀತಿತ್ತು. ಒಂದು ಬೈಗುಳಾನೂ ಬೈಯಲಿಲ್ಲ. "ಕುರಿ ಒಂದಾವ ನೋಡ್ರೆಪಾ, ಕಾಯಾಕ ಯಾರೂ ಇಲ್ಲ, ಬಿಡ್ರಿ" ಅಂದ. ಬೆಳಗಾಗೂದರಾಗ ಹಟ್ಟಿ ಎಬ್ಬಿಸಿಕೊಂಡು ಹೋಗಿದ್ದರು.

ಅವತ್ತಿನಿಂದ ತಲ್ಯಾಗ ಒಂದ ಪ್ರಶ್ನಿ. ನಮ್ಮ ಹಿರಿಯಾರ ಕಾಲದಾಗ ಊರ ಕಾವಲು ಹೆಂಗ ನಡೀತಿತ್ತು, ಅದು ಯಾವಾಗ ತಪ್ಪಿತು? ಅಜ್ಜನ ಬಾಯಿಂದ ಕೇಳಿದ್ದು, ಅಲ್ಲಿ ಇಲ್ಲಿ ಓದಿದ್ದು ಕೂಡಿಸಿ ಹೇಳತೀನಿ.

ನಮ್ಮ ಕಡೆ ಊರೂರಿಗೆ ಹಳೇ ಗುಡಿ ಮುಂದ ವೀರಗಲ್ಲು ಇರತಾವು. ನಾವು ಕುಂಕುಮ ಹಚ್ಚಿ ಕೈ ಮುಗೀತೀವಿ, ಕೆಳಗಿನ ಕೆತ್ತನಿ ನೋಡಂಗಿಲ್ಲ. ಎಷ್ಟೋ ಕಲ್ಲಿನಾಗ ದನಗಳ ಸಾಲು ಕೆತ್ತಿರತಾರ. ದನ ಹೊಡಕೊಂಡು ಹೋಗೂದಕ್ಕ ಹಳಗನ್ನಡದಾಗ ತುರುಗೋಳ್ ಅಂತಿದ್ದರು. ಊರ ದನ ಬಿಡಿಸಾಕ ಹೋಗಿ ಸತ್ತಾವನ ಹೆಸರಿಗೆ ಆ ಕಲ್ಲು. ತಳಾರ ಅನ್ನೋ ಕಾವಲಿನವನ ಹೆಸರೂ ಹಳೇ ಶಾಸನಗಳಾಗ ಬರತದ. ನಮ್ಮ ತಳವಾರ ಅನ್ನೋ ಮಾತು ಅಷ್ಟು ಹಳೇದು.

ತಳವಾರನ ಕೆಲಸ ಏನಿತ್ತು ಅನ್ನೂದಕ್ಕ ಒಂದು ಚಲೋ ದಾಖಲೆ ಅದ. 1818ರಾಗ ಪೇಶ್ವೆ ಆಳ್ವಿಕೆ ಬಿತ್ತು. ವಿಜಯಪುರದ ಸೀಮಿ ಸಾತಾರಾ ರಾಜರ ಕೈಗೆ ಬಂತು, 1848ರ ಮ್ಯಾಲ ಇಂಗ್ಲಿಷರಿಗೆ ಸೇರಿತು. ಪೇಶ್ವೆ ಸೀಮಿ ನೋಡಿಕೊಳ್ಳಾಕ ಬಂದ ಎಲ್ಫಿನ್‌ಸ್ಟನ್ ಸಾಹೇಬ 1819ರಾಗ ಒಂದು ವರದಿ ಬರೆದ. ಆ ಪ್ರಕಾರ ಊರ ಕಾವಲುಗಾರ ರಾತ್ರಿ ಗಸ್ತು ತಿರಗಬೇಕು, ಊರಿನ ಪ್ರತಿಯೊಬ್ಬರ ನಡತಿ ಗೊತ್ತಿರಬೇಕು, ಹೊಸಬರು ಬಂದರ ಯಾರು, ಯಾಕ ಅಂತ ವಿಚಾರಿಸಬೇಕು. ಕಳವಾದರ ಹೆಜ್ಜೀ ಜಾಡು ಹಿಡಿದು ಹೋಗಬೇಕು. ಜಾಡು ಊರ ಸೀಮಿ ದಾಟಿತಂದ್ರ ಮುಂದಿನ ಊರಿನ ಕಾವಲುಗಾರನಿಗೆ ಒಪ್ಪಿಸಬೇಕು, ಅಲ್ಲಿಂದ ಮುಂದ ಅದು ಆ ಊರಿನ ಭಾರ. ಜಾಡು ನಮ್ಮ ಸೀಮ್ಯಾಗ ನಿಂತರ ಕಳವಾದ ಮಾಲಿನ ಬೆಲಿ ಕಾವಲುಗಾರ ತುಂಬಬೇಕು, ಅವನ ಕೈಲೆ ಆಗದಷ್ಟು ಇಡೀ ಊರು ಪಟ್ಟಿ ಹಾಕಿ ಕೊಡಬೇಕು. ಇದು ನ್ಯಾಯ ಅಲ್ಲ, ಪೂರಾ ವಸೂಲಿ ಮಾಡಿದ್ದೂ ಕಡಿಮಿ ಅಂತ ಆ ಸಾಹೇಬನೇ ಬರೆದಾನ. ಆದ್ರ ಕಳವಾದರ ಜವಾಬು ಯಾರು ಕೊಡಬೇಕು ಅನ್ನೂದು ಅವತ್ತು ಎಲ್ಲಾರಿಗೂ ಗೊತ್ತಿತ್ತು.

ಇದಕ್ಕ ಪಗಾರ ಇರಲಿಲ್ಲ. ತಳವಾರಕಿ ಹೊಲ ಇರತಿತ್ತು, ರಾಶಿ ಆದ ಮ್ಯಾಲ ಕಣದಾಗ ಆಯ ಅಳೆದು ಕೊಡತಿದ್ದರು. ಕಾವಲಿನವ ಊರ ಅನ್ನ ಉಣ್ಣತಿದ್ದ, ಊರಿಗೆ ಜವಾಬು ಕೊಡತಿದ್ದ.

ಮುಂದ ಇಂಗ್ಲಿಷರು ಇದನ್ನ ಕಾಗದಕ್ಕ ತಂದರು. ಮುಂಬೈ ಪ್ರಾಂತಕ್ಕ 1867ರಾಗ ಗ್ರಾಮ ಪೊಲೀಸ್ ಕಾಯ್ದೆ ಬಂತು. ಗೌಡಕಿ ಮನೆತನದಾವ ಪೊಲೀಸ್ ಪಾಟೀಲ ಆದ, ಊರ ಕಾವಲಿನವರು ಅವನ ಕೈಕೆಳಗ ಬಂದರು. ಕಳವು, ಕೊಲೆ, ಅನುಮಾನದ ಸಾವು ಏನಾದರೂ ಪೊಲೀಸ್ ಪಾಟೀಲ ಮ್ಯಾಲಿನವರಿಗೆ ವರದಿ ಕಳಸಬೇಕಿತ್ತು.

ಇಲ್ಲಿ ತನಕ ಕೇಳಿ "ಹಿಂದಿನದ ಚಲೋ ಇತ್ತು" ಅಂತ ಯಾರೂ ಅನ್ನಬ್ಯಾಡ್ರಿ. ನಮ್ಮ ಅಜ್ಜನೂ ಹಂಗ ಅಂತಿದ್ದ, ಆದ್ರ ಅವನ ಕೈಯಾಗ ಕಾವಲಿನ ಕೋಲು ಇರಲಿಲ್ಲ. ಮಳ್ಯಾಗ, ಚಳ್ಯಾಗ ರಾತ್ರಿ ತಿರಗಾವರು ಕೆಳಗಿನ ಜಾತಿಯವರು, ಅದೂ ವಂಶಪಾರಂಪರ್ಯ. ಆಯ ಕೊಡೂದು ಬಿಡೂದು ಹೊಲದವರ ಮರ್ಜಿ. ಯಾರ ಮ್ಯಾಲ ವರದಿ ಹೋಗಬೇಕು, ಯಾರದು ಮುಚ್ಚಿ ಹೋಗಬೇಕು ಅನ್ನೂದು ಗೌಡರ ವಾಡೇದಾಗ ತೀರ್ಮಾನ ಆಗೂದೂ ಇತ್ತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ನಡೀತು. 1871ರಾಗ ಇಂಗ್ಲಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು, 1911ರಾಗ ಅದು ಇಡೀ ದೇಶಕ್ಕ ಹರಡಿತು. ಕಳವು ಮಾಡಿದಾವನ ಹಿಡಿಯೂದು ಬಿಟ್ಟು, ಊರೂರು ತಿರಗೋ ಜನಾಂಗದಾಗ ಹುಟ್ಟಿದವರನ್ನ ಹುಟ್ಟಿನಿಂದಲೇ ಕಳ್ಳರು ಅಂತ ಬರೆದರು. ದಫ್ತರದಾಗ ಹೆಸರು ಬಿದ್ದವರು ಹಾಜರಿ ಕೊಡಬೇಕು, ಊರು ಬಿಡಬೇಕಾದರ ಪಾಸು ಬೇಕು. ಅವರ ಮ್ಯಾಲ ಕಣ್ಣಿಡೂದು, ಸುದ್ದಿ ಮುಟ್ಟಿಸೂದು ಊರ ಮುಖ್ಯಸ್ಥನ ಕೆಲಸ ಆತು. ನಮ್ಮ ವಿಜಯಪುರಕ್ಕ ಇದರಾಗ ದೊಡ್ಡ ಪಾಲದ. 1910ರ ಆಸುಪಾಸು ಸ್ಟಾರ್ಟೆ ಅನ್ನೋ ಐಸಿಎಸ್ ಅಧಿಕಾರಿ ಇಲ್ಲೇ ಸೆಟ್ಲಮೆಂಟ್ ಶುರು ಮಾಡಿದ. ಹುಬ್ಬಳ್ಳಿ, ಗದಗ, ಸೊಲ್ಲಾಪುರದಾಗೂ ಇಂಥಾವು ಇದ್ದವು. ಕೆಲಸ ಕೊಡತೀವಿ, ಮಕ್ಕಳಿಗೆ ಶಾಲಿ ಹಾಕತೀವಿ ಅಂದರು ಖರೆ, ಆದ್ರ ಅಪ್ಪಣಿ ಇಲ್ಲದ ಹೊರಗ ಹೋಗಂಗಿರಲಿಲ್ಲ. 1952ರ ಆಗಸ್ಟ್ 31ಕ್ಕ ಆ ಕಾಯ್ದೆ ರದ್ದಾತು. ದೇಶಕ್ಕ ಸ್ವಾತಂತ್ರ್ಯ ಬಂದು ಐದು ವರ್ಷದ ಮ್ಯಾಲ ಅವರಿಗೆ ಬಂತು. ಕಾಯ್ದೆ ಹೋಗಿ 70 ವರ್ಷ ದಾಟ್ಯಾವು. ಕಂಬಳಿ ಹೊದ್ದಾವ ಓಡಿದರ ಕಳ್ಳ ಅಂದೆವಲ್ಲ, ಆ ಬುದ್ಧಿ ಇನ್ನೂ ಹೋಗಿಲ್ಲ.

1956ರಾಗ ನಾವು ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕ ಬಂದೆವು. 1961ರ ಕಾಯ್ದೆ 1963ರ ಫೆಬ್ರುವರಿ 1ಕ್ಕ ಜಾರಿಯಾಗಿ ಗೌಡಕಿ, ಕುಲಕರ್ಣಿಕಿ, ತಳವಾರಕಿ ಎಲ್ಲಾ ವಂಶದ ಹುದ್ದೆ ಒಮ್ಮೆಲೇ ಹೋದವು. ಹುಟ್ಟಿನಿಂದ ಬರೋ ಅಧಿಕಾರ, ಹುಟ್ಟಿನಿಂದ ಬರೋ ಚಾಕರಿ ಎರಡೂ ಹೋಗಬೇಕಾದ್ದೇ. ಆದ್ರ ಕಾವಲಿನ ಜಾಗ ಖಾಲಿ ಉಳೀತು.

ನಮ್ಮ ತಿಕೋಟಾ ದಾಟಿ ಜತ್ತ ತಾಲೂಕಿಗೆ ಹೋಗಿ ನೋಡ್ರಿ. ಅಲ್ಲಿ ಕನ್ನಡ ಮಾತಾಡೋ ಊರಾಗೂ ಪೊಲೀಸ್ ಪಾಟೀಲ ಇನ್ನೂ ಇದ್ದಾರ. ಮಹಾರಾಷ್ಟ್ರದವರು ವಂಶದ ಹಕ್ಕು ತೆಗೆದರು, ಹುದ್ದೆ ಉಳಿಸಿಕೊಂಡರು. 1967ರ ಕಾಯ್ದೆ ಪ್ರಕಾರ ಊರಿನವರೊಬ್ಬರನ್ನ ಸರ್ಕಾರವೇ ನೇಮಿಸಿ ಗೌರವಧನ ಕೊಡತದ. ನಮ್ಮಲ್ಲಿ 1964ರಾಗ ಗ್ರಾಮ ರಕ್ಷಣಾ ದಳದ ಕಾಯ್ದೆ ಮಾಡಿದರು. ಊರ ಗಟ್ಟಿ ಮಂದಿಯನ್ನ ಆರಿಸಿ, ಒಬ್ಬ ದಳಪತಿ ಮಾಡಿ, ಎಸ್‌ಪಿ ಅವರ ಹಿಡಿತದಾಗ ಗಸ್ತು ತಿರಗೋ ವ್ಯವಸ್ಥೆ. ಕಾಯ್ದೆ ಚಲೋದ. ನನ್ನ ಐವತ್ತು ವರ್ಷದಾಗ ನಮ್ಮೂರಾಗ ಒಬ್ಬ ದಳಪತಿ ನೋಡಿಲ್ಲ.

ಬಹಳ ದಿನ ಅದರ ಕೊರತಿ ಕಾಣಲಿಲ್ಲ. ಯಾಕಂದ್ರ ಕದಿಯಾಕ ಹೊಲದಾಗ ಏನಿತ್ತು? ಜ್ವಾಳದ ತೆನಿ, ಎರಡು ಎತ್ತು. ಎಲ್ಲಾರೂ ಊರೊಳಗ ಇರತಿದ್ದಿವಿ, ನಾಯಿ ಬೊಗಳಿದರ ಇಡೀ ಓಣಿ ಏಳತಿತ್ತು. ಆಮ್ಯಾಲ ಬೋರು ಬಂದವು, ಮುಳವಾಡ ಏತ ನೀರಾವರಿ, ತುಬಚಿ-ಬಬಲೇಶ್ವರ ಏತ ನೀರಾವರಿ ನೀರು ಬಂತು. ದ್ರಾಕ್ಷಿ ಪಡ, ಒಣದ್ರಾಕ್ಷಿ ಶೆಡ್ಡು, ಟಿಸಿ, ಮೋಟರ್, ಕೇಬಲ್, ಡ್ರಿಪ್. ಮಂದಿ ಊರು ಬಿಟ್ಟು ತ್ವಾಟದ ವಸ್ತಿಗೆ ಹೋದರು. ಒಂದು ವಸ್ತಿಯಿಂದ ಇನ್ನೊಂದಕ್ಕ ಕೂಗಿದರ ಕೇಳಂಗಿಲ್ಲ. ಊರಿನ ಬೆಲೆಬಾಳೋ ಮಾಲೆಲ್ಲಾ ಹೊಲಕ್ಕ ಹೋತು, ಕಾವಲು ಮಾತ್ರ ಹೋಗಲಿಲ್ಲ.

2017ರಾಗ ರಾಜ್ಯದ ಪೊಲೀಸರು ಹೊಸ ಬೀಟ್ ವ್ಯವಸ್ಥೆ ತಂದರು. ಒಬ್ಬೊಬ್ಬ ಪೇದೆಗೆ ಇಂತಿಷ್ಟು ಊರು, ಓಣಿ ಅಂತ ಹಂಚಿ, ಅಲ್ಲಿಯ ನಾಗರಿಕರ ಜೋಡಿ ಸಭೆ ಮಾಡಬೇಕು ಅಂತ. 2018ರಾಗ ತಿಕೋಟಾ, ಬಬಲೇಶ್ವರ ಬ್ಯಾರೆ ತಾಲೂಕಾದವು. 112ಕ್ಕ ಫೋನ್ ಮಾಡಿದರ ಗಾಡಿ ಬರೋ ವ್ಯವಸ್ಥೆ ಬಂತು. 2025ರ ಜುಲೈದಾಗ "ಮನೆ ಮನೆಗೆ ಪೊಲೀಸ್" ಶುರುವಾತು, ಬೀಟಿನವರೇ ಬಾಗಿಲಿಗೆ ಬಂದು ಪರಿಚಯ ಮಾಡಿಕೊಳ್ಳಬೇಕು. ನನಗ ಇದು ಹಳೇ ತಳವಾರನ ಕೆಲಸದ ಹೊಸ ಆಕಾರ ಅನಸತದ: ಊರ ಮಂದಿ ಗೊತ್ತಿರಬೇಕು, ಹೊಸಬರು ಯಾರಂತ ಗೊತ್ತಿರಬೇಕು, ಸುದ್ದಿ ಮುಂದ ಹೋಗಬೇಕು. ಆದ್ರ ನಮ್ಮ ಬೀಟಿನವರ ಹೆಸರು ಏನಂತ ಕೇಬಲ್ ಹೋದಾಗ ನನಗ ಗೊತ್ತಿರಲಿಲ್ಲ. ನಿಮ್ಮಾಗ ಎಷ್ಟು ಮಂದಿಗೆ ಗೊತ್ತದ, ಖರೆ ಹೇಳ್ರಿ.

ಸುದ್ದಿ ಪೊಲೀಸರಿಗೆ ಹೋಗದ ವಾಟ್ಸಾಪಿನಾಗ ತಿರುಗಿದರ ಏನಾಗತದ ಅನ್ನೂದಕ್ಕ ದೂರ ಹೋಗೂದು ಬ್ಯಾಡ. 2018ರ ಜುಲೈದಾಗ ಬೀದರ್ ಜಿಲ್ಲಾದ ಮುರ್ಕಿಯೊಳಗ ಮಕ್ಕಳ ಕಳ್ಳರು ಅಂತ ಸುಳ್ಳು ಸುದ್ದಿ ನಂಬಿ, ಹೈದರಾಬಾದಿನಿಂದ ಬಂದ ಹುಡುಗನ್ನ ಮಂದಿ ಬಡಿದು ಕೊಂದರು. ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ತಪ್ಪಾಗಿತ್ತು. 2025ರ ಜನವರಿದಾಗ ವಿಜಯಪುರ ನಗರದ ಬಡಾವಣೆಗಳಲ್ಲಿ ಮುಸುಕುಧಾರಿ ಕಳ್ಳರ ಹೆದರಿಕಿ ಬಂದಾಗ ನಮ್ಮ ಹಳ್ಳಿ ತನಕ ಇದ್ದದ್ದು ಇಲ್ಲದ್ದು ವಿಡಿಯೋ ಹರಿದಾಡಿದವು. ಅದೇ ವರ್ಷ ಮೇದಾಗ ಮನಗೂಳಿ ಬ್ಯಾಂಕಿನಿಂದ 58 ಕೆ.ಜಿ.ಗೂ ಹೆಚ್ಚು ಬಂಗಾರ ಹೋತು, ರೈತರು ಅಡವಿಟ್ಟ ಒಡವೀನೂ ಅದರಾಗಿದ್ದವು. ಪೊಲೀಸರು ಬಂಧಿಸಿದವರಾಗ ಅದೇ ಶಾಖೆದ ಹಿಂದಿನ ಮ್ಯಾನೇಜರ್ ಇದ್ದರು. ಕೋರ್ಟು ಏನಂತದೋ ನೋಡಬೇಕು. ಆದ್ರ ನಾವು ರಾತ್ರಿ ರಸ್ತೆದಾಗ ನಿಂತು ಹುಡುಕೂದು ಮಾತ್ರ ಯಾವಾಗಲೂ ಕಂಬಳಿಯವನನ್ನ, ಪರಊರಿನ ಕೂಲಿಯವನನ್ನ.

ಹಂಗಾರ ಏನು ಮಾಡಬೇಕು? ನಾವು ನಾಕು ಮಂದಿ ಕೂಡಿ ಮಾತಾಡಿದ್ದು ಹೇಳತೀನಿ.

ಮೊದಲನೇದು, ಬೀಟಿನವರ ಹೆಸರು, ನಂಬರು ಹಣಮಪ್ಪನ ಗುಡಿ ಗ್ವಾಡಿ ಮ್ಯಾಲ ಬರೆಸೂದು. ತಿಂಗಳಿಗೊಮ್ಮೆ ಅವರನ್ನ ಕರೆದು ಕಟ್ಟಿ ಮ್ಯಾಲ ಕೂಡೂದು. ಕಳವು ಅಷ್ಟೇ ಅಲ್ಲ, ಇಸ್ಪೀಟು, ಮಟ್ಕಾ, ಅಂಗಡ್ಯಾಗ ಮಾರೋ ಕಳ್ಳದಾರೂ, ಶಾಲಿ ಹಿಂದಿನ ಕುಡುಕರ ಗದ್ದಲ ಎಲ್ಲಾ ಅಲ್ಲೇ ಮಾತಾಡೂದು. ಹೆಣ್ಣುಮಕ್ಕಳು ಬರಬೇಕು, ಇವು ಅವರಿಗೇ ಮೊದಲು ಗೊತ್ತಾಗತಾವು.

ಎರಡನೇದು, ಸಣ್ಣ ಕಳವಾದರೂ ಫಿರ್ಯಾದಿ ಕೊಡೂದು, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಇಸ್ಕೊಳ್ಳೂದು. ನಾವು ಮೂವರು ಅವತ್ತು ಫಿರ್ಯಾದಿ ಕೊಡಲಿಲ್ಲ, ಅಂದ್ರ ದಾಖಲೆದಾಗ ನಮ್ಮ ಲೈನಿನಾಗ ಕಳವೇ ಆಗಿಲ್ಲ. ಆಗದ ಕಳವಿಗೆ ಗಸ್ತು ಎಲ್ಲಿಂದ ಬರಬೇಕು?

ಮೂರನೇದು, ಕದ್ದ ತಾಮ್ರ ಯಾರೋ ಕೊಳ್ಳತಾರ, ಅದಕ್ಕ ಕದೀತಾರ. ಕದ್ದ ಮಾಲು ಕೊಳ್ಳೂದಕ್ಕ ಹೆಸರಾದಾವ ಊರ ಆಸುಪಾಸು ಇದ್ದರ, ಪಂಚಾಯ್ತಿ ಮೆಂಬರು ಪೊಲೀಸರಿಗೆ ತಿಳಿಸಲೇಬೇಕು ಅಂತ ಹಳೇ ಸಿಆರ್‌ಪಿಸಿಯೊಳಗ ಇತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 34ನೇ ಕಲಮಿನಾಗೂ ಅದ. ಪೊಲೀಸ್ ಪಾಟೀಲನ ಕೆಲಸದಾಗ ಒಂದು ಚೂರು ನಮ್ಮ ಮೆಂಬರುಗಳ ಹೆಗಲ ಮ್ಯಾಲ ಉಳಿದದ, ಅವರಿಗೆ ಯಾರೂ ಹೇಳಿಲ್ಲ.

ನಾಕನೇದು ನಮ್ಮ ಹುಡುಗರಿಗೆ. ಗಸ್ತು ತಿರಗ್ರಿ, ಆದ್ರ ಬೀಟಿನವರಿಗೆ ಹೇಳಿ, ಹೆಸರು ಬರೆಸಿ ತಿರಗ್ರಿ. ಗಂಭೀರ ಅಪರಾಧ ಕಣ್ಣ ಮುಂದ ನಡೆದರ ಹಿಡಿಯಾಕ ನಮಗೂ ಹಕ್ಕದ, ಅದೇ ಸಂಹಿತೆಯ 40ನೇ ಕಲಮು. ಹಿಡಿದಾವನ್ನ ತಡ ಮಾಡದ, ಹೆಚ್ಚಂದ್ರ ಆರು ತಾಸಿನೊಳಗ ಪೊಲೀಸರಿಗೆ ಒಪ್ಪಿಸಬೇಕು. ಬಡಿಯಾಕ ಯಾವ ಕಲಮೂ ಹಕ್ಕು ಕೊಟ್ಟಿಲ್ಲ. ಅವತ್ತು ಆ ಕುರಿಯವ ಫಿರ್ಯಾದಿ ಕೊಟ್ಟಿದ್ದರ ಏಳು ಮಂದಿ ಹುಡುಗರ ಜೋಡಿ ಬ್ಯಾಟರಿ ಹಿಡಿದ ನಾನೂ ಆರೋಪಿ.

ಐದನೇದು, ಕುರಿ ನಿಲ್ಲಿಸಿಕೊಂಡವರು, ಕೂಲಿಯವರನ್ನ ಶೆಡ್ಡಿನಾಗ ಇಟ್ಟುಕೊಂಡವರು ಗುಂಪಿನಾಗ ಒಂದು ಮಾತು ಹಾಕ್ರಿ: "ನಮ್ಮ ಹೊಲದಾಗ ಇಷ್ಟು ಮಂದಿ ಇದ್ದಾರ, ನಮ್ಮವರು." ಬಾಜು ಹೊಲದವರು ಅವತ್ತು ಇಷ್ಟು ಹೇಳಿದ್ದರ ಸಾಕಾಗಿತ್ತು. ನಾವರ ಕೇಳಿದ್ದರೂ ಸಾಕಾಗಿತ್ತು.

ಬರೋ ಅಮಾಸಿ ದಿನ ಸಂಜಿಕ ಗುಡಿ ಕಟ್ಟಿ ಮ್ಯಾಲ ಕೂಡತೀವಿ, ಬೀಟಿನವರು ಬರತೀನಿ ಅಂದಾರ. ಆಜುಬಾಜು ಊರಿನವರೂ ಬರ್ರಿ.

ಕೇಬಲ್ ಸಿಕ್ಕಿಲ್ಲ. ಆ ಕುರಿಯವರು ಈ ವರ್ಷ ನಮ್ಮ ಸೀಮಿಗೆ ಬರಲಿಲ್ಲ. ಬಾಜು ಹೊಲದವರು ಟ್ರ್ಯಾಕ್ಟರಿನ ಗೊಬ್ಬರ ರೊಕ್ಕ ಕೊಟ್ಟು ಹಾಕಿಸಿದರು. ಯಾರಿಗಾದರೂ ಆ ಹಟ್ಟಿ ಎಲ್ಲಿ ಇಳಿದದ ಅಂತ ಗೊತ್ತಿದ್ದರ ನನಗ ತಿಳಸ್ರಿ. ಹೋಗಿ ಮಾತಾಡಿಸಿ ಬರಬೇಕು.