ಆರಿದ್ರೆಯಿಂದ ಆಶ್ಲೇಷದವರೆಗೆ

ನಕಾಶೆಯಲ್ಲಿ ಪಾವಗಡ ಕರ್ನಾಟಕದ್ದು; ಮಳೆಯ ಲೆಕ್ಕದಲ್ಲಿ ಪಕ್ಕದ ಅನಂತಪುರದ್ದು. ತುಮಕೂರು ಜಿಲ್ಲೆಯ ಈ ತಾಲ್ಲೂಕನ್ನು ಬಹುತೇಕ ಎಲ್ಲ ಕಡೆಯಿಂದಲೂ ಆಂಧ್ರ ಸುತ್ತುವರಿದಿದೆ. ವರ್ಷಕ್ಕೆ ಸುಮಾರು 55 ಸೆಂಟಿಮೀಟರ್ ಮಳೆ, ಅದೂ ನಂಬುವಂತಿಲ್ಲ. ಕೆಂಪು ಮಣ್ಣಿನಲ್ಲಿ ತೇವ ಹೆಚ್ಚು ದಿನ ನಿಲ್ಲುವುದಿಲ್ಲ. ಕನ್ನಡ, ತೆಲುಗು ಎರಡನ್ನೂ ಆಡುವ ಇಲ್ಲಿನ ರೈತರು ಮಳೆ ನಂಬಿ ಬಿತ್ತುವುದು ಹೆಚ್ಚಾಗಿ ಕಡಲೆಕಾಯಿ.

ಹಿಂದೆ ಹೀಗಿರಲಿಲ್ಲ. ಸಾಮೆ, ನವಣೆ, ಹುರುಳಿಯಂಥ ಬೆಳೆಗಳಿದ್ದವು. ಯಾವ ನಕ್ಷತ್ರದ ಮಳೆಗೆ ಯಾವುದನ್ನು ಬಿತ್ತಬೇಕೆಂಬ ಲೆಕ್ಕ ತಲೆಮಾರುಗಳಿಂದ ಬಂದಿತ್ತು. ಮಾರುಕಟ್ಟೆಯನ್ನು ನೆಚ್ಚಿ ಕಡಲೆಕಾಯಿ ಹೊಲವನ್ನೆಲ್ಲ ಆವರಿಸಿದಾಗ ಆ ಲೆಕ್ಕ ಅಷ್ಟಾಗಿ ಹೊಂದಲಿಲ್ಲ. ಹೊಸದೊಂದು ಲೆಕ್ಕ ಮಾಗಲು ಕಾಲ ಸಾಲಲಿಲ್ಲ.

ಸರ್ಕಾರ ಸುಮ್ಮನಿರಲಿಲ್ಲ. ಹವಾಮಾನ ಇಲಾಖೆಯ ರೈತರ ಹವಾಮಾನ ವರದಿ 1945ರಿಂದಲೇ ರೇಡಿಯೋದಲ್ಲಿ ಬರುತ್ತಿತ್ತು. ಆದರೆ ‘ಒಳನಾಡಿನ ಕೆಲವೆಡೆ ಮಳೆ’ ಎಂಬಂಥ ಮಾತು ಕೇಳಿ ಯಾರು ತಾನೇ ಬಿತ್ತನೆ ಬೀಜದ ಮೂಟೆ ಬಿಚ್ಚುತ್ತಾರೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮುಂಗಾರು ಮಾರುತಗಳ ಅಧ್ಯಯನಕ್ಕೆ ಹೆಸರಾದವರು. ಪಾವಗಡ ಭಾಗದ ಕೃಷಿಕ, ಸಂಶೋಧಕ ಪಿ.ಆರ್. ಶೇಷಗಿರಿ ರಾವ್ ಮತ್ತು ಕೆ. ನರಹರಿ ರಾವ್ ಜೊತೆಗೂಡಿ ಅವರು ಪ್ರಶ್ನೆಯನ್ನೇ ತಿರುಗಿಸಿದರು. ನಾಳೆ ಮಳೆ ಬರುತ್ತದೆಯೇ ಎಂದಲ್ಲ. ರೈತ ಬದಲಾಯಿಸಬಹುದಾದ ತೀರ್ಮಾನ ಯಾವುದು? ಒಂದು, ಬಿತ್ತುವ ದಿನ. ಹಲವು ದಶಕಗಳ ಮಳೆಯ ದಾಖಲೆಯನ್ನು ಕಡಲೆಕಾಯಿ ಬೆಳವಣಿಗೆಯ ಕಂಪ್ಯೂಟರ್ ಮಾದರಿಗೆ ಉಣಿಸಿ, ಬೇರೆಬೇರೆ ದಿನ ಬಿತ್ತಿದ್ದರೆ ಏನಾಗುತ್ತಿತ್ತೆಂದು ನೋಡಿದರು.

2002ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಬೆಳೆ ಪೂರ್ತಿ ಕೈಕೊಡುವ ಭಯ ಕಡಿಮೆಯಿರುವ ಅವಧಿ ಜೂನ್ 22ರಿಂದ ಆಗಸ್ಟ್ 17. ರೈತರು ಬಿತ್ತುತ್ತಿದ್ದುದೂ ಆಗಲೇ. ಪಂಚಾಂಗ ತೆಗೆದರೆ ಅದು ಆರಿದ್ರೆ ಹುಟ್ಟಿದಲ್ಲಿಂದ ಆಶ್ಲೇಷ ಮುಗಿಯುವವರೆಗೆ, ಹೆಚ್ಚುಕಡಿಮೆ ದಿನಕ್ಕೆ ದಿನ ಸರಿ. ಆದರೆ ಮಾದರಿ ಇನ್ನೊಂದನ್ನೂ ಹೇಳಿತು: ಜುಲೈ ಮಧ್ಯದ ನಂತರ ಬಿತ್ತಿದರೆ ಒಳ್ಳೆಯ ಇಳುವರಿಯ ಸಾಧ್ಯತೆ ಹೆಚ್ಚು. ಈ ಸೀಮೆಯ ದೊಡ್ಡ ಮಳೆ ಸೆಪ್ಟೆಂಬರಿನದು. ಬೇಗ ಬಿತ್ತಿದ ಕಾಯಿ ಬಲಿಯುವ ಹೊತ್ತಿಗೆ ನೆಲ ಒಣಗಿರಬಹುದು. ತಡವಾಗಿ ಬಿತ್ತಿದ್ದಕ್ಕೆ ಆ ಮಳೆ ಸಿಗುತ್ತದೆ.

ಹಾಗಾದರೆ ಎಲ್ಲರೂ ಕಾಯಬಹುದಲ್ಲ? ಕಾಯಲು ಕೈಯಲ್ಲಿ ಕಾಸು ಬೇಕು. ಜೂನ್ ಕೊನೆಯಲ್ಲಿ ಹದ ಮಳೆ ಬಿದ್ದಾಗ ಬಿಟ್ಟರೆ ಜುಲೈನಲ್ಲಿ ಮತ್ತೊಂದು ಬೀಳುವ ಖಾತ್ರಿಯಿಲ್ಲ. ಮೂವತ್ತು ವರ್ಷದ ಸರಾಸರಿಯಲ್ಲಿ ಸರಿಯಾದ ಮಾತು, ಸಾಲ ತೆಗೆದು ಬೀಜ ತಂದವನ ಈ ವರ್ಷಕ್ಕೆ ಸರಿಯಾಗಬೇಕೆಂದಿಲ್ಲ.

2016ರಲ್ಲಿ ಕರ್ನೂಲು ಜಿಲ್ಲೆಯ ದೇವನಕೊಂಡ ಮಂಡಲದಲ್ಲಿ ಇಕ್ರಿಸ್ಯಾಟ್, ಮೈಕ್ರೋಸಾಫ್ಟ್ ಮತ್ತು ಆಂಧ್ರ ಸರ್ಕಾರ ಸೇರಿ 175 ರೈತರಿಗೆ ತೆಲುಗಿನಲ್ಲಿ ಮೊಬೈಲ್ ಸಂದೇಶ ಕಳಿಸಿದವು. ಬೆಳೆ ಅದೇ ಕಡಲೆಕಾಯಿ, ಪ್ರಶ್ನೆಯೂ ಅದೇ. ಇಳುವರಿ ಸರಾಸರಿ ಶೇಕಡ 30ರಷ್ಟು ಹೆಚ್ಚಿತೆಂದು ನಡೆಸಿದವರು ಹೇಳಿದರು. ನಡೆಸಿದವರ ಲೆಕ್ಕ, ಅದೂ ಒಂದೇ ಹಂಗಾಮಿನದು ಎಂಬುದನ್ನು ಮರೆಯದೆ ಓದಬೇಕು.

ಕರ್ನಾಟಕ ಬೇರೆ ದಾರಿ ಹಿಡಿಯಿತು. 1988ರಲ್ಲಿ ಬರ ನಿಗಾ ಕೋಶವಾಗಿ ಹುಟ್ಟಿದ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ನೆಟ್ಟಿತು. ‘ವರುಣ ಮಿತ್ರ’ ಸಹಾಯವಾಣಿಗೆ ರೈತ ಹಗಲಿರುಳೆನ್ನದೆ ಕರೆ ಮಾಡಿ ತನ್ನೂರಿನ ಮಳೆ ವಿಚಾರಿಸಬಹುದಾಯಿತು.

ಅಷ್ಟರಲ್ಲಿ ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ ಕೆಲವರು ಬಿತ್ತುವ ಯೋಚನೆಯನ್ನೇ ಬಿಟ್ಟಿದ್ದರು. ಸುಮಾರು 13,000 ಎಕರೆ ಸೌರ ಪಾರ್ಕಿಗೆ ಹೋಯಿತು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ. ಮಳೆ ಬಂದರೂ ಬಾರದಿದ್ದರೂ ಆ ಹಣ ಬರುತ್ತದೆ. ಆ ಹೊಲಗಳಲ್ಲಿ ಕಡಲೆಕಾಯಿ ಕೀಳಲು ಕೂಲಿಗೆ ಹೋಗುತ್ತಿದ್ದ, ಸ್ವಂತ ಜಮೀನಿಲ್ಲದವರಿಗೆ ಅದರಲ್ಲಿ ಪಾಲಿಲ್ಲ.