ಸೋಡಿಯಂ ಪಂಪನ್ನು ತಡೆಯುವ ಪ್ರತಿದೀಪ್ತ ಬಣ್ಣಗಳು

ಪ್ರಾಣಿಕೋಶದ ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪು ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯ ಒಂದು ಅಣುವನ್ನು ಒಡೆದು ಮೂರು ಸೋಡಿಯಂ ಅಯಾನುಗಳನ್ನು ಹೊರಹಾಕುತ್ತದೆ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಯೆನ್ಸ್ ಸ್ಕೌ ಏಡಿಯ ಕಾಲಿನ ನರಗಳಲ್ಲಿ ಕಂಡ ಈ ಕಿಣ್ವದ ವಿವರವನ್ನು 1957ರಲ್ಲಿ ಪ್ರಕಟಿಸಿದರು. 1997ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಪಾಲು ಅವರದಾಯಿತು. ಅಯಾನುಗಳನ್ನು ಸಾಗಿಸುವಾಗ ಕಿಣ್ವ ಎರಡು ಮುಖ್ಯ ರೂಪಗಳ ನಡುವೆ ಓಲಾಡುತ್ತದೆ. ಈ ಬದಲಾವಣೆಯನ್ನು ಕಣ್ಣಿಗೆ ಕಾಣಿಸಿದ ಸಾಧನಗಳಲ್ಲಿ ಪಂಪಿನ ಕೆಲಸಕ್ಕೇ ತಡೆಯೊಡ್ಡುವ ಪ್ರತಿದೀಪ್ತ ಬಣ್ಣಗಳೂ, ಅಂದರೆ ಬೆಳಕು ಹೀರಿ ತಾವೂ ಬೆಳಕು ಸೂಸುವ ಬಣ್ಣಗಳೂ, ಸೇರಿವೆ.

ಈ ಬಣ್ಣಗಳು ಪಂಪಿಗಿಂತ ಬಹಳ ಹಿಂದೆಯೇ ಗೊತ್ತಿದ್ದವು. ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಫ್ಲೋರೆಸೀನನ್ನು 1871ರಲ್ಲಿ ತಯಾರಿಸಿದರು. ಅದಕ್ಕೆ ನಾಲ್ಕು ಬ್ರೋಮಿನ್ ಪರಮಾಣು ಸೇರಿದರೆ ಇಯೋಸಿನ್, ನಾಲ್ಕು ಅಯೋಡಿನ್ ಸೇರಿದರೆ ಎರಿಥ್ರೋಸಿನ್. ಪ್ರೋಟೀನಿಗೆ ಭದ್ರವಾಗಿ ಅಂಟುವ ಫ್ಲೋರೆಸೀನ್ ಐಸೋಥಯೋಸಯನೇಟ್ ಮೊದಲು ಬಳಕೆಗೆ ಬಂದದ್ದು ಪ್ರತಿಕಾಯಗಳಿಗೆ ಗುರುತು ಹಚ್ಚಲು.

1980ರಲ್ಲಿ ಸ್ಟೀವನ್ ಕಾರ್ಲಿಶ್ ಇದನ್ನೇ ಪಂಪಿಗೆ ಹಚ್ಚಿದ ಪ್ರಯೋಗ ಇಡೀ ವಿಷಯದ ತಿರುಳು. ಬಣ್ಣ ಅಂಟಿದ ಕಿಣ್ವ ಎಟಿಪಿಯನ್ನು ಒಡೆಯಲಾರದು. ಆದರೆ ದ್ರಾವಣದಲ್ಲಿ ಮೊದಲೇ ಎಟಿಪಿ ಇದ್ದರೆ ಬಣ್ಣ ಸುಲಭವಾಗಿ ಅಂಟುವುದಿಲ್ಲ, ಪಂಪಿನ ಚಟುವಟಿಕೆ ಉಳಿಯುತ್ತದೆ. ಎಂದರೆ ಬಣ್ಣ ಕೂರುವುದು ಎಟಿಪಿಯ ಜಾಗದಲ್ಲಿ. ಅದು ಹಿಡಿಯುವುದು ಪ್ರೋಟೀನಿನ 501ನೆಯ ಸ್ಥಾನದ ಲೈಸಿನ್ ಎಂಬ ಅಮೈನೋ ಆಮ್ಲ ಎಂಬುದು ಆಮೇಲೆ ಖಚಿತವಾಯಿತು. ಸ್ನಾಯುವಿನ ಕ್ಯಾಲ್ಸಿಯಂ ಪಂಪಿನಲ್ಲಿ ಆ ಪಾತ್ರ 515ನೆಯ ಲೈಸಿನ್‌ನದು. ಹೀಗೆ ಕಟ್ಟಿಬಿದ್ದ ಕಿಣ್ವವೂ ಸತ್ತಿರಲಿಲ್ಲ. ಪೊಟ್ಯಾಸಿಯಂ ಸೇರಿಸಿದೊಡನೆ ಬಣ್ಣದ ಬೆಳಕು ಕುಗ್ಗುತ್ತಿತ್ತು, ಸೋಡಿಯಂ ಸೇರಿಸಿದರೆ ಮತ್ತೆ ಏರುತ್ತಿತ್ತು. ನೈಟ್ರೋಫಿನೈಲ್ ಫಾಸ್ಫೇಟಿನಂಥ ಚಿಕ್ಕ ಅಣುವನ್ನು ಒಡೆಯುವ ಸಾಮರ್ಥ್ಯವೂ ಉಳಿದಿತ್ತು. ಎಟಿಪಿಯ ಬಾಗಿಲು ಮುಚ್ಚಿದರೂ ಅಯಾನುಗಳನ್ನು ಗುರುತಿಸುವ ಭಾಗ ಎಚ್ಚರವಾಗಿಯೇ ಇದೆ ಎಂಬ ಈ ತಿಳಿವು ಪಂಪಿನ ಅಧ್ಯಯನಕ್ಕೆ ಸಿಕ್ಕ ದೊಡ್ಡ ಲಾಭ.

ಇಯೋಸಿನ್‌ನ ತಡೆ ಇಷ್ಟು ಬಿಗಿಯಲ್ಲ. ಸ್ಕೌ ಮತ್ತು ಮಿಕಾಯೆಲ್ ಎಸ್ಮನ್ 1981ರಲ್ಲಿ ತೋರಿಸಿದಂತೆ, ಅದು ಎಟಿಪಿಯೊಡನೆ ಅದೇ ಜಾಗಕ್ಕೆ ಪೈಪೋಟಿ ನಡೆಸುತ್ತದೆ. ಸೋಡಿಯಂ ಇದ್ದಾಗ ಗಟ್ಟಿಯಾಗಿ ಕೂರುತ್ತದೆ, ಪೊಟ್ಯಾಸಿಯಂ ಬಂದಾಗ ಸಡಿಲವಾಗುತ್ತದೆ.

ಎರಿಥ್ರೋಸಿನ್ ತಿನಿಸಿನ ಕೆಂಪು ಬಣ್ಣವಾದ್ದರಿಂದ ಅದರ ಪರೀಕ್ಷೆ ಪ್ರಯೋಗಾಲಯದ ಆಚೆಗೂ ಮುಖ್ಯವೆನಿಸಿತು. ಅದು ಇಲಿಯ ಮಿದುಳಿನ ಪಂಪನ್ನು ತಡೆಯುತ್ತದೆಂಬ ವರದಿಗಳು 1980ರ ಆಸುಪಾಸಿನಲ್ಲಿ ಬಂದವು. ಇಲ್ಲಿ ಒಂದು ಎಚ್ಚರಿಕೆ ಬೇಕು. ಬೆಳಕು ಬಿದ್ದಾಗ ಈ ಬಣ್ಣ ಸಿಂಗ್ಲೆಟ್ ಆಕ್ಸಿಜನ್ ಎಂಬ ಬಲು ಚುರುಕಾಗಿ ವರ್ತಿಸುವ ಆಮ್ಲಜನಕವನ್ನು ಹುಟ್ಟಿಸಿ ಪ್ರೋಟೀನನ್ನು ಕೆಡಿಸಬಲ್ಲದು. ಆದ್ದರಿಂದ ಕತ್ತಲಲ್ಲೂ ಮಾಡಿ ಹೋಲಿಸದ ಪ್ರಯೋಗದಿಂದ ನೇರ ತಡೆ ಯಾವುದು, ಬೆಳಕಿನ ಹಾನಿ ಯಾವುದು ಎಂದು ಬಿಡಿಸಿ ಹೇಳಲಾಗದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ತಿನಿಸುಗಳಲ್ಲಿ ಇದರ ಬಳಕೆಯ ಅನುಮತಿಯನ್ನು ಹಿಂಪಡೆದದ್ದಕ್ಕೆ ಪಂಪು ಕಾರಣವಲ್ಲ. ಇಲಿಗಳಲ್ಲಿ ಕಂಡ ಕ್ಯಾನ್ಸರ್ ಕಾರಣ.

ಆರ್‌ಎಚ್421 ಮುಂತಾದ ಸ್ಟೈರಿಲ್ ಬಣ್ಣಗಳ ರೀತಿಯೇ ಬೇರೆ. ಅವು ಪೊರೆಯ ಕೊಬ್ಬಿನ ಪದರಕ್ಕೆ ನುಸುಳಿ, ಅಯಾನುಗಳು ಚಲಿಸಿದಾಗ ಬದಲಾಗುವ ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುತ್ತವೆ. ಸಾಂದ್ರತೆ ಹೆಚ್ಚಾದರೆ ಅವೂ ಪಂಪನ್ನು ತಡೆಯುತ್ತವೆ ಎಂಬುದನ್ನು ರೊನಾಲ್ಡ್ ಕ್ಲಾರ್ಕ್ ಮತ್ತು ಸಹೋದ್ಯೋಗಿಗಳು 1996ರಲ್ಲಿ ವರದಿ ಮಾಡಿದರು. 2007ರಲ್ಲಿ ಹಂದಿಯ ಮೂತ್ರಪಿಂಡದ ಪಂಪಿನ ಸ್ಫಟಿಕ ರಚನೆ ಪ್ರಕಟವಾದ ಮೇಲೆ ಫ್ಲೋರೆಸೀನ್ ಅಂಟುವ ಲೈಸಿನ್ ಇರುವ ತಾಣವನ್ನು ಬೆರಳಿಟ್ಟು ತೋರಿಸಬಹುದು. ಪೊರೆಯಲ್ಲೆಲ್ಲ ಹರಡುವ ಸ್ಟೈರಿಲ್ ಬಣ್ಣಗಳಿಗೆ ಅಂಥ ಒಂದೇ ತಾಣವಿಲ್ಲ. ಹಾಗಾಗಿ ಅವುಗಳನ್ನು ಬಳಸುವವರು ಬೆಳಕಿನ ಏರಿಳಿತದ ಜೊತೆಗೆ, ಅದೇ ಸಾಂದ್ರತೆಯಲ್ಲಿ ಕಿಣ್ವ ಎಟಿಪಿಯನ್ನು ಒಡೆಯುವ ವೇಗವನ್ನೂ ಅಳೆದು ನೋಡಬೇಕಾಗುತ್ತದೆ.